ಗಾಜಿನ ಪೆಟ್ಟಿಗೆಯೊಳಗಿನ ಕರ್ಜಿಕಾಯಿ

ನಮಸ್ಕಾರ. ಮೊದಲು ನನ್ನ ಕೈ ನೋಡಿ. ಉಗುರಿನ ಸಂದಿಯಲ್ಲೆಲ್ಲ ಮಣ್ಣು. ಈ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡ ಅಂತ ಅಮ್ಮ ಎರಡು ಸಲ ಹೇಳಿದರು. ಆದರೂ ಮುಟ್ಟಿದ್ದೇನೆ. ಅದಕ್ಕೇ ಎಡಗಡೆ ಮೂಲೆಯಲ್ಲಿ ಒಂದು ಕಂದು ಕಲೆ ಕಾಣುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ.

ಮೇಜಿನ ಮೇಲೆ ಹಳೆಯ ಪೇಪರ್. ಪೇಪರ್ ಮೇಲೆ ಜೇಡಿಮಣ್ಣು. ನಮ್ಮ ಹಿಂದಿನ ಬೀದಿಯಲ್ಲಿ ಮಣ್ಣಿನ ಗಣಪತಿ ಮಾಡುವವರೊಬ್ಬರಿದ್ದಾರೆ. ಹಬ್ಬ ಮುಗಿದ ಮೇಲೆ ಅವರ ಹತ್ತಿರ ಉಳಿದ ಮಣ್ಣು ಸಿಗುತ್ತಾ ಅಂತ ಕೇಳಲು ಹೋಗಿದ್ದೆ. "ಎಷ್ಟು ದೊಡ್ಡ ಮೂರ್ತಿ ಸರ್?" ಅಂದರು. "ಮೂರ್ತಿ ಅಲ್ಲ, ವಿಡಿಯೋ ಗೇಮ್ ರಿಮೋಟು" ಅಂದೆ. ಒಂದು ನಿಮಿಷ ನನ್ನ ಮುಖ ನೋಡಿದರು. ಆಮೇಲೆ ಕೇಳಿದ್ದಕ್ಕಿಂತ ಒಂದು ಮುದ್ದೆ ಜಾಸ್ತಿಯೇ ಕೊಟ್ಟು ಕಳಿಸಿದರು. ದುಡ್ಡು ತಗೊಳ್ಳಲಿಲ್ಲ. ಪಾಪ ಅನಿಸಿರಬೇಕು.

ನಾನು ಮಾಡುತ್ತಿರುವ ಆಕಾರ ಇದು. ಎರಡೂ ತುದಿ ಕೆಳಗೆ ಬಾಗಿದ ಅರ್ಧಚಂದ್ರ. ಗೇಮ್ ಆಡುವವರಿಗೆ ನೋಡಿದ ತಕ್ಷಣ ಗೊತ್ತಾಗಿರುತ್ತದೆ. ಗೊತ್ತಾಗದವರಿಗೆ ಹೇಳುತ್ತೇನೆ.

2005ರ ಮೇ ತಿಂಗಳು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇ-3 ಅನ್ನುವ ಗೇಮ್ ಮೇಳ. ಸೋನಿ ಕಂಪನಿ ಅಲ್ಲಿ ಮೊದಲ ಸಲ ಪ್ಲೇಸ್ಟೇಷನ್ 3 ಅನ್ನುವ ಕನ್ಸೋಲ್ ತೋರಿಸಿತು, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ. ಜೊತೆಗೆ ಬೆಳ್ಳಿ ಬಣ್ಣದ ಈ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ರಿಮೋಟು. ವೈರ್ ಇಲ್ಲ, ಬ್ಲೂಟೂತ್. ಒಂದು ಕನ್ಸೋಲ್‌ಗೆ ಒಟ್ಟಿಗೆ ಏಳು ಕಂಟ್ರೋಲರ್ ಜೋಡಿಸಬಹುದು ಅಂದರು. ಬಟನ್‌ಗಳು ಹೆಚ್ಚು ಕಮ್ಮಿ ಹಳೆಯ ಜಾಗದಲ್ಲೇ ಇದ್ದವು. ಬದಲಾಗಿದ್ದು ಮೈ ಮಾತ್ರ.

ಜನ ನೋಡಿದರು, ನಕ್ಕರು. ಬೂಮರಾಂಗ್ ಅಂದರು, ಬಾಳೆಹಣ್ಣು ಅಂದರು. ಬ್ಯಾಟ್‌ಮ್ಯಾನ್ ಎಸೆಯುವ ಆಯುಧ ಅಂದರು. ನಮ್ಮಮ್ಮ ಈಗಷ್ಟೇ ಕಾಫಿ ಇಟ್ಟು ಹೋಗುವಾಗ ಬಗ್ಗಿ ನೋಡಿ, "ಏನೋ ಇದು, ಕರ್ಜಿಕಾಯಿನಾ?" ಅಂದರು. ನೋಡಿ, ಇಷ್ಟು ವರ್ಷದಲ್ಲಿ ಇದಕ್ಕೆ ಸರಿಯಾದ ಹೆಸರು ಇಟ್ಟದ್ದು ಅಮ್ಮ ಒಬ್ಬರೇ. ಇನ್ನು ಮುಂದೆ ಇದು ಕರ್ಜಿಕಾಯಿ.

ಒಂದು ವರ್ಷ ಕಳೆಯಿತು. 2006ರ ಮೇಳದಲ್ಲಿ ಸೋನಿ ಇನ್ನೊಂದು ಕಂಟ್ರೋಲರ್ ಎತ್ತಿ ತೋರಿಸಿತು. ಸಿಕ್ಸ್‌ಆಕ್ಸಿಸ್. ಅದು ಹಳೇ ಪ್ಲೇಸ್ಟೇಷನ್ ಕಂಟ್ರೋಲರ್‌ನ ಆಕಾರವೇ. ಕರ್ಜಿಕಾಯಿಯ ಸುದ್ದಿಯೇ ಇಲ್ಲ.

ಈಗ ನನ್ನ ತಲೆಗೆ ಹುಳ ಬಿಟ್ಟ ವಿಷಯ. ಆ 2005ರ ಮೇಳದಲ್ಲಿ ಈ ಕಂಟ್ರೋಲರ್ ಇದ್ದದ್ದು ಗಾಜಿನ ಪೆಟ್ಟಿಗೆಯೊಳಗೆ. ಬಂದ ಜನ ಅದನ್ನು ಹಿಡಿದು ಆಡುವ ಹಾಗಿರಲಿಲ್ಲ. ಅಂದರೆ ನಕ್ಕವರಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಕೈಯಲ್ಲಿ ಹಿಡಿಯೋ ವಸ್ತುವನ್ನು ಬರೀ ಕಣ್ಣಲ್ಲಿ ನೋಡಿ ಫೇಲ್ ಮಾಡಿದರು. ಉಪ್ಪಿಟ್ಟನ್ನು ಫೋಟೋ ನೋಡಿ ಉಪ್ಪು ಜಾಸ್ತಿ ಅಂದ ಹಾಗೆ, ಅಲ್ವಾ?

ಅದಕ್ಕೇ ಈ ಮಣ್ಣು. ಅಳತೆ ಎಲ್ಲ ಫೋಟೋ ನೋಡಿ ಅಂದಾಜಿನಲ್ಲಿ ತೆಗೆದದ್ದು. ಬೆರಳು ಕೂರುವ ಜಾಗಕ್ಕೆ ಹುಣಸೆ ಬೀಜ ಒತ್ತುತ್ತಿದ್ದೇನೆ, ಅವೇ ಬಟನ್. ಹೆಬ್ಬೆರಳಿನಿಂದ ಆಡಿಸುವ ಎರಡು ಅನಲಾಗ್ ಸ್ಟಿಕ್‌ಗೆ ಕಡಲೆಕಾಯಿ ಎಣ್ಣೆ ಬಾಟಲಿಯ ಮುಚ್ಚಳ. ನಗಬೇಡಿ.

ಇದು ಸ್ವಲ್ಪ ಗಟ್ಟಿಯಾಗಲು ಬಿಡಬೇಕು. ಅಲ್ಲಿವರೆಗೆ ಒಂದಿಷ್ಟು ಹಿಂದೆ ಹೋಗೋಣ.

ಜನ ವಾಪಸ್ ಬೇಕು ಅಂದ ಆ ಹಳೇ ಆಕಾರ ಇದೆಯಲ್ಲ, ಎರಡು ಹಿಡಿ ಇರುವ ಪ್ಲೇಸ್ಟೇಷನ್ ಆಕಾರ, ಅದೂ ಒಂದು ಕಾಲದಲ್ಲಿ ಬೇಡ ಅನಿಸಿಕೊಂಡದ್ದೇ. 1990ರ ದಶಕದ ಆರಂಭದ ಮಾತು. ಸೋನಿಯ ಡಿಸೈನರ್ ತೇಯು ಗೋತೊ. ಪ್ಲೇಸ್ಟೇಷನ್ ಪೆಟ್ಟಿಗೆಯನ್ನೂ ಕಂಟ್ರೋಲರನ್ನೂ ರೂಪಿಸಿದವರು ಅವರೇ. ಆಗ ಜಪಾನಿನಲ್ಲಿ ಎಲ್ಲರ ಕೈಯಲ್ಲಿ ಇದ್ದದ್ದು ನಿಂಟೆಂಡೋದ ಸೂಪರ್ ಫ್ಯಾಮಿಕಾಮ್. ಅದರ ಕಂಟ್ರೋಲರ್ ಚಪ್ಪಟೆ, ಎರಡೂ ಕಡೆ ದುಂಡು. ಗೋತೊ ಮಾಡಿದ್ದು ಕೈಗೆ ಹಿಡಿ ಇರುವ, ಉಬ್ಬು ತಗ್ಗು ಇರುವ ಆಕಾರ. ಕಂಪನಿಯ ದೊಡ್ಡವರಿಗೆ ಹೆದರಿಕೆ. ಜನಕ್ಕೆ ಚಪ್ಪಟೆಯೇ ಅಭ್ಯಾಸ, ಇದನ್ನು ನೋಡಿದರೆ ಯಾರು ಬರುತ್ತಾರೆ ಅಂತ. ಹಾಗಾಗಿ ಚಪ್ಪಟೆ ಮಾದರಿಗಳೂ ತಯಾರಾದವು.

ಆ ಚಪ್ಪಟೆಯನ್ನು ಒಪ್ಪದವರು ಸೋನಿಯ ಅಧ್ಯಕ್ಷ ನೊರಿಯೊ ಓಗಾ. ಈ ಮನುಷ್ಯನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕಲಿತದ್ದು ಒಪೆರಾ ಹಾಡುಗಾರಿಕೆ. ಅದರ ಮೇಲೆ ವಿಮಾನ ಓಡಿಸುವ ಲೈಸೆನ್ಸ್ ಬೇರೆ. ವಿಮಾನದ ಹಿಡಿ ಹಿಡಿದು ಅಭ್ಯಾಸ ಇರುವವರಿಗೆ ಚಪ್ಪಟೆ ಹಲಗೆ ಕೊಟ್ಟರೆ ಹೇಗಾಗಬೇಡ! ಗೋತೊ ಮಾಡಿದ ಹಿಡಿಯೇ ಇರಲಿ ಅಂದರು. 1994ರ ಡಿಸೆಂಬರ್ 3ಕ್ಕೆ ಜಪಾನಿನಲ್ಲಿ ಪ್ಲೇಸ್ಟೇಷನ್ ಬಂತು, ಆ ಹಿಡಿಯ ಜೊತೆಗೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಟ್ರೋಲರ್ ಅಂದರೆ ಹೀಗೇ ಇರಬೇಕು ಅನ್ನುವಷ್ಟು ಅದು ರೂಢಿಯಾಗಿತ್ತು. ಕರ್ಜಿಕಾಯಿ ಬಂದಾಗ ಜನ ಹೇಳಿದ್ದೂ ಅದನ್ನೇ, ಮೊದಲಿನ ಥರಾನೇ ಕೊಡಿ ಅಂತ.

ಗೋತೊ ಅವರದೇ ಇನ್ನೊಂದು ಕೆಲಸ ಪ್ಲೇಸ್ಟೇಷನ್ ಬಟನ್‌ಗಳ ಮೇಲಿನ ಆ ನಾಲ್ಕು ಗುರುತು. ಎ, ಬಿ ಅಂತ ಅಕ್ಷರ ಹಾಕುವುದು ಎಲ್ಲರೂ ಮಾಡುತ್ತಿದ್ದರು. ಇವರು ಚಿತ್ರ ಹಾಕಿದರು. ತ್ರಿಕೋನ ಅಂದರೆ ತಲೆ, ಅಂದರೆ ಯಾವ ಕಡೆ ನೋಡುತ್ತಿದ್ದೀರಿ ಅನ್ನೋದು. ಚೌಕ ಅಂದರೆ ಕಾಗದ, ಮೆನು ತೆಗೆಯಲು. ಸೊನ್ನೆ ಅಂದರೆ ಹೌದು. ಇಂಟು ಮಾರ್ಕ್ ಅಂದರೆ ಇಲ್ಲ. ಸೊನ್ನೆಗೆ ಕೆಂಪು ಬಣ್ಣ ಕೊಟ್ಟರು, ಇಂಟುಗೆ ನೀಲಿ. ಮೇಲಿನವರಿಗೆ ಇವರು ಬಣ್ಣ ಅದಲು ಬದಲು ಮಾಡಿಬಿಟ್ಟಿದ್ದಾರೆ ಅನಿಸಿತಂತೆ. ನನಗೂ ಹಾಗೇ ಅನಿಸುತ್ತದೆ. ನಮ್ಮ ಮೇಷ್ಟ್ರು ತಪ್ಪಿಗೆ ಹಾಕುತ್ತಿದ್ದದ್ದು ಕೆಂಪು ಇಂಟು, ನೀಲಿ ಅಲ್ಲ. ಆಮೇಲೆ ಪ್ಲೇಸ್ಟೇಷನ್ ಅಮೆರಿಕಕ್ಕೆ ಹೋದಾಗ ಇಂಟುವೇ "ಹೌದು" ಆಗಿಹೋಯಿತು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನವರೂ ಅದಕ್ಕೇ ಹೊಂದಿಕೊಳ್ಳಬೇಕಾಯಿತು. ಅಲ್ಲಿಯ ಸೊನ್ನೆಗೆ ಇಪ್ಪತ್ತಾರು ವರ್ಷದ ಮೇಲೆ ಕೆಲಸ ಹೋಯಿತು.

ಇದಕ್ಕಿಂತ ಹಿಂದೆ ಹೋದರೆ ನನಗೆ ಇಷ್ಟವಾದ ಪ್ರೋಟೋಟೈಪ್, ಅಂದರೆ ಪ್ರಯೋಗಕ್ಕೆ ಮಾಡಿದ ಮಾದರಿ, ಒಂದಿದೆ. ರಾಲ್ಫ್ ಬೇರ್ ಅಂತ. ಜರ್ಮನಿಯಲ್ಲಿ ಹುಟ್ಟಿ, ಅಮೆರಿಕಕ್ಕೆ ಓಡಿಬಂದ ಇಂಜಿನಿಯರ್. ಸೇನೆಗೆ ಎಲೆಕ್ಟ್ರಾನಿಕ್ಸ್ ಮಾಡುವ ಕಂಪನಿಯಲ್ಲಿ ಕೆಲಸ. 1966ರಲ್ಲಿ, ಮನೆಯ ಟಿವಿಯಲ್ಲಿ ಆಟ ಆಡುವಂತಿದ್ದರೆ ಹೇಗೆ ಅಂತ ನಾಲ್ಕು ಪುಟ ಬರೆದಿಟ್ಟರು. 1968ರ ಹೊತ್ತಿಗೆ ಬ್ರೌನ್ ಬಾಕ್ಸ್ ಅನ್ನುವ ಯಂತ್ರ ಆಯಿತು. ಹೆಸರು ಯಾಕೆ ಹಾಗೆ ಅಂದರೆ, ಮೇಲೆ ಮರದ ಡಿಸೈನಿನ ಕಂದು ಸ್ಟಿಕರ್ ಅಂಟಿಸಿದ್ದರು. ನಮ್ಮ ಹಳೇ ಟಿವಿ ಸ್ಟ್ಯಾಂಡಿನ ಮೇಲೆ ಇರುತ್ತಿತ್ತಲ್ಲ, ಅದೇ ಥರ. ಅದರ ಜೊತೆ ಒಂದು ಜಾಯ್‌ಸ್ಟಿಕ್ ಇತ್ತು. ಆ ಕಡ್ಡಿಯ ತುದಿಗೆ ನಿಜವಾದ ಗಾಲ್ಫ್ ಚೆಂಡು ಸಿಕ್ಕಿಸಿದ್ದರು. ನೆಲದ ಮೇಲೆ ಇಟ್ಟು ಗಾಲ್ಫ್ ಕೋಲಿನಿಂದ ಹೊಡೆಯಬೇಕು. ಚೆಂಡು ಎಲ್ಲಿಗೂ ಹೋಗದು, ಟಿವಿಯೊಳಗಿನ ಚುಕ್ಕೆ ಓಡುತ್ತದೆ.

ಎಷ್ಟು ಚೆನ್ನಾಗಿದೆ ನೋಡಿ. ಕಂಟ್ರೋಲರ್ ಹೀಗಿರಬೇಕು ಅನ್ನುವ ರೂಢಿಯೇ ಆಗ ಇರಲಿಲ್ಲ. ಹಾಗಾಗಿ ನಗುವುದಕ್ಕೂ ಯಾರೂ ಇರಲಿಲ್ಲ. 1972ರಲ್ಲಿ ಇದೇ ಯಂತ್ರ ಮ್ಯಾಗ್ನಾವಾಕ್ಸ್ ಒಡಿಸ್ಸಿ ಅಂತ ಅಂಗಡಿಗೆ ಬಂತು. ಗಾಲ್ಫ್ ಚೆಂಡು ಬರಲಿಲ್ಲ. ಬ್ರೌನ್ ಬಾಕ್ಸ್ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ನಮ್ಮ ಕಡೆ ಮೊದಲು ಕೈಗೆ ಬಂದದ್ದು ಇದು ಯಾವುದೂ ಅಲ್ಲ. ನಿಂಟೆಂಡೋ ಫ್ಯಾಮಿಕಾಮ್‌ನ ನಕಲಿಗಳು. ಹಳದಿ ಕ್ಯಾಸೆಟ್, ಮೇಲೆ 9999 ಇನ್ 1 ಅಂತ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಎಂಟೋ ಹತ್ತೋ ಆಟ. ಆಡದಿದ್ದರೆ ಉಫ್ ಅಂತ ಊದಿ ಮತ್ತೆ ಸಿಕ್ಕಿಸುವುದು. ಅಸಲಿ ಫ್ಯಾಮಿಕಾಮ್ 1983ರ ಜುಲೈನಲ್ಲಿ ಬಂತು. ಅದನ್ನು ರೂಪಿಸಿದ ಮಸಾಯುಕಿ ಉಎಮುರಾ ಅವರಿಗೆ ಜಾಯ್‌ಸ್ಟಿಕ್ ಬಗ್ಗೆ ಒಂದು ಚಿಂತೆ ಇತ್ತು. ಮಕ್ಕಳು ಅದನ್ನು ನೆಲದ ಮೇಲೆ ಬಿಟ್ಟು ಹೋಗುತ್ತಾರೆ, ಯಾರಾದರೂ ತುಳಿದರೆ ಕಡ್ಡಿ ಮುರಿಯುತ್ತದೆ. ಅಲ್ಲಿ ಒದಗಿ ಬಂದದ್ದು ಗುನ್‌ಪೆಯ್ ಯೊಕೊಯ್ ಅವರ ಪ್ಲಸ್ ಆಕಾರದ ಗುಂಡಿ. 1982ರ ಒಂದು ಪುಟ್ಟ ಕೈ ಆಟಕ್ಕೆ ಮಾಡಿದ್ದು. ಚಪ್ಪಟೆ, ತುಳಿದರೂ ಏನೂ ಆಗದು. ನೆಲದಲ್ಲಿ ಕೂತು ಆಡುವ ಮನೆಗೆ ಹೇಳಿ ಮಾಡಿಸಿದ ಹಾಗೆ. ನಮ್ಮ ಮನೆಯಲ್ಲಿ ಚಾಪೆ, ಅವರ ಮನೆಯಲ್ಲಿ ತತಾಮಿ, ಅಷ್ಟೇ ವ್ಯತ್ಯಾಸ.

ಆದರೂ ಅವರಿಗೂ ಒಂದು ಎಡವಟ್ಟಾಯಿತು. ಮೊದಮೊದಲ ಫ್ಯಾಮಿಕಾಮ್‌ಗಳಲ್ಲಿ ಎ, ಬಿ ಬಟನ್ ಚೌಕಾಕಾರ, ರಬ್ಬರಿನದು. ಅಂಚಿನಲ್ಲಿ ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ದುಂಡಗೆ ಮಾಡಿದರು.

ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ನ ಕಥೆ ಬೇಗ ಹೇಳಿಬಿಡುತ್ತೇನೆ, ಮಣ್ಣು ಒಣಗುತ್ತಿದೆ. 2001ರಲ್ಲಿ ಮೈಕ್ರೋಸಾಫ್ಟ್ ಮಾಡಿದ ಮೊದಲ ಕಂಟ್ರೋಲರ್ ಇದೆಯಲ್ಲ, ಡ್ಯೂಕ್ ಅಂತಾರೆ, ಅದು ಅಷ್ಟು ದಪ್ಪ ಯಾಕೆ ಗೊತ್ತಾ? ಒಳಗಿನ ಸರ್ಕ್ಯೂಟ್ ಬೋರ್ಡ್ ಊಟದ ತಟ್ಟೆಯಷ್ಟಿತ್ತು ಅಂತ ಎಕ್ಸ್‌ಬಾಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಸೀಮಸ್ ಬ್ಲ್ಯಾಕ್ಲಿ ಹೇಳಿದ್ದಾರೆ. ತಟ್ಟೆ ಮೊದಲು ಬಂತು. ಆಕಾರವನ್ನು ಅದರ ಸುತ್ತ ಹೊದಿಸಬೇಕಾಯಿತು. ಆ ಕೆಲಸ ಬಿದ್ದದ್ದು ಡಿಸೈನರ್ ಡೆನಿಸ್ ಚೌಧರಿ ಅವರ ತಲೆ ಮೇಲೆ. ಬೈಗುಳವೂ ಪಾಪ ಆ ಆಕಾರಕ್ಕೇ ಬಿತ್ತು. 2002ರಲ್ಲಿ ಜಪಾನಿಗೆ ಹೋಗುವಾಗ ಚಿಕ್ಕದೊಂದು ಮಾಡಿಕೊಂಡು ಹೋದರು. ಕೊನೆಗೆ ಅದೇ ಎಲ್ಲ ಕಡೆ ಉಳಿಯಿತು. ಮುಂದೆ ಎಕ್ಸ್‌ಬಾಕ್ಸ್ ಒನ್‌ಗೆ ಇದೇ ಕಂಪನಿ ಇನ್ನೂರಕ್ಕೂ ಹೆಚ್ಚು ಪ್ರೋಟೋಟೈಪ್ ಮಾಡಿತು. ಅದರಲ್ಲಿ ವಾಸನೆ ಬಿಡುವ ಕಂಟ್ರೋಲರ್ ಕೂಡ ಒಂದು. ನಾನು ಆಡುವಾಗ ಅಡುಗೆಮನೆಯಿಂದ ಇಂಗಿನ ಒಗ್ಗರಣೆ ಬರುತ್ತದೆ, ನನಗೆ ಅಷ್ಟು ಸಾಕು.

ವೀ ಅನ್ನುವ ತಮ್ಮ ಕನ್ಸೋಲಿನ ಕಂಟ್ರೋಲರ್‌ಗೂ ನಿಂಟೆಂಡೋದವರು ನಕ್ಷತ್ರದ ಥರದ್ದು, ಇನ್ನೂ ಏನೇನೋ ಆಕಾರ ಮಾಡಿ ಬಿಟ್ಟರು. ಕೊನೆಗೆ ಉಳಿದದ್ದು ಟಿವಿ ರಿಮೋಟಿನಂಥ ಉದ್ದನೆಯ ಕಡ್ಡಿ. ಅದನ್ನು ಕಂಟ್ರೋಲರ್ ಅನ್ನಬೇಡಿ, ರಿಮೋಟ್ ಅನ್ನಿ ಅಂತ ಅಧ್ಯಕ್ಷ ಸತೋರು ಇವಾತಾ ಪಟ್ಟು ಹಿಡಿದರು. ಟಿವಿ ರಿಮೋಟ್ ಆದರೆ ಮನೆಯಲ್ಲಿ ಎಲ್ಲರೂ ಮುಟ್ಟುತ್ತಾರೆ, ಅದಕ್ಕೆ. ನಮ್ಮ ಮನೆಯಲ್ಲಿ ಅದನ್ನು ಮೊದಲಿಂದ ರಿಮೋಟು ಅಂತಲೇ ಕರೆಯುತ್ತಿದ್ದೆವು. ಇವಾತಾ ಅವರು ಕೇಳಿದ್ದರೆ ಖುಷಿಪಡುತ್ತಿದ್ದರು.

ಸರಿ, ಕರ್ಜಿಕಾಯಿ ಕೈಗೆ ತಗೊಳ್ಳೋಣ.

ಮೊದಲ ಅನುಮಾನ, ಬೀಳುತ್ತೇನೋ ಅಂತ. ಬೀಳಲಿಲ್ಲ. ಅಂಗೈ ತುಂಬಾ ಕೂರುತ್ತದೆ. ಕಿರುಬೆರಳಿಗೂ ಒಂದು ಜಾಗ ಸಿಗುತ್ತದೆ, ಪ್ಲೇಸ್ಟೇಷನ್ ಹಿಡಿಯಲ್ಲಿ ನನ್ನ ಕಿರುಬೆರಳು ಯಾವಾಗಲೂ ಅನಾಥ. ನಿಜ ಹೇಳಬೇಕೆಂದರೆ ಫೋಟೋದಲ್ಲಿ ಕಾಣುವಷ್ಟು ಕೆಟ್ಟದಾಗಿಲ್ಲ. ಆದರೆ ಐದು ನಿಮಿಷ ಸುಮ್ನೆ ಹಿಡಿದು ಕೂತೆ. ಆಗ ಗೊತ್ತಾಯಿತು. ತುದಿಗಳು ಒಳಗೆ ಬಾಗಿರುವುದರಿಂದ ಮಣಿಕಟ್ಟು ಒಳಗೆ ತಿರುಗುತ್ತದೆ. ಎರಡೂ ಮೊಣಕೈ ಹೊರಗೆ ಎದ್ದು ನಿಲ್ಲುತ್ತವೆ. ಬಸ್ಸಿನಲ್ಲಿ ಪಕ್ಕದವರಿಗೆ ತಿವಿಯುವ ಹಾಗೆ. ತಪ್ಪು ಆಕಾರದ್ದೋ ನನ್ನ ಅಂದಾಜಿನದ್ದೋ, ಒಂದು ಡಿಗ್ರಿ ಅತ್ತಿತ್ತ ಆದರೂ ಬೇರೆಯೇ ಆಗಬಹುದು. ಅದಕ್ಕೇ ಅಲ್ವಾ ಎಕ್ಸ್‌ಬಾಕ್ಸ್‌ನವರು ಇನ್ನೂರು ಮಾಡಿ ನೋಡಿದ್ದು.

ತಕ್ಕಡಿಗೆ ಹಾಕಿದೆ. 340 ಗ್ರಾಂ. ಪ್ಲೇಸ್ಟೇಷನ್ 3ಕ್ಕೆ ಆಮೇಲೆ ಬಂದ ಡ್ಯುಯಲ್‌ಶಾಕ್ 3 ಸುಮಾರು 190 ಗ್ರಾಂ. ಹಾಗಾಗಿ ನನ್ನ ಕೈ ನೋವಿನ ಅರ್ಧ ಆರೋಪ ಮಣ್ಣಿನ ಮೇಲೆ.

ಅಣ್ಣನ ಮಗಳಿಗೆ ಒಂಬತ್ತು ವರ್ಷ. ಅವಳ ಕೈಗೆ ಕೊಟ್ಟೆ. ಎರಡು ತುದಿ ಹಿಡಿದಳು. ನಡುವಿನ ಸ್ಟಿಕ್‌ಗೆ ಹೆಬ್ಬೆರಳು ಮುಟ್ಟಲೇ ಇಲ್ಲ. "ಚಿಕ್ಕಪ್ಪ, ಇದು ಯಾರ ಕೈಗೆ ಮಾಡಿದ್ದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಶಾಟ್ ಬೇಕಿತ್ತು. ಅದಕ್ಕೆ ರಾತ್ರಿ ಕಿಟಕಿ ಹತ್ತಿರ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನಡುವೆ ಬಿರುಕು. ಎತ್ತುವಷ್ಟರಲ್ಲಿ ಎರಡು ಹೋಳು. ಹುಣಸೆ ಬೀಜ ನೆಲದ ಮೇಲೆ ಉರುಳಿತು. ಅಮ್ಮ ಪೊರಕೆ ತಂದರು, ಏನೂ ಅನ್ನಲಿಲ್ಲ. ಆ ಮೌನ ನಿಮಗೂ ಗೊತ್ತಿರುತ್ತದೆ.

ನಾನು ಮುಖ ಸಪ್ಪಗೆ ಮಾಡಿಕೊಂಡು ಬಕೆಟ್‌ಗೆ ನೀರು ಹಿಡಿಯುತ್ತಿದ್ದೆ, ಮಣ್ಣು ಮತ್ತೆ ನೆನೆಸಲು. ಹಿಂದೆ ತಿರುಗಿ ನೋಡಿದರೆ ಅಣ್ಣನ ಮಗಳು ಸೋಫಾದ ಮೇಲೆ ಮಲಗಿದ್ದಾಳೆ. ಬಲಗೈಯಲ್ಲಿ ಒಂದು ಹೋಳು, ಎಡಗೈಯಲ್ಲಿ ಒಂದು ಹೋಳು. ಎರಡು ಕೈಯೂ ಎರಡು ಕಡೆಗೆ ಆರಾಮಾಗಿ ಚಾಚಿವೆ. ಹೆಬ್ಬೆರಳು ಸರಿಯಾಗಿ ಮುಚ್ಚಳದ ಮೇಲೆ.

"ಚಿಕ್ಕಪ್ಪ, ನೀರು ಬೇಡ" ಅಂದಳು. "ಈಗ ಸರಿ ಇದೆ."