ನಡುಬೀದಿಯಲ್ಲಿ ನೆಲೆ ಕಂಡವರು

ಕೇಳುಗರಿಗೆ ನಮಸ್ಕಾರ.

ಕೆನಡಾದ ಕೆಬೆಕ್ ಪ್ರಾಂತದ ಮಾಂಟ್ರಿಯಲ್ ನಗರದಲ್ಲಿ ಸೇಂಟ್ ಲಾರೆಂಟ್ ಅಂತ ಒಂದು ಉದ್ದನೆಯ ರಸ್ತೆ ಇದೆ. ಹಳಬರು ಅದನ್ನು ಸುಮ್ನೆ ‘ಮೇನ್’ ಅನ್ನುತ್ತಾರೆ. ಬಂದರಿನ ಹತ್ತಿರ ಹೊರಟು ಊರನ್ನು ಸೀಳಿಕೊಂಡು ಉತ್ತರಕ್ಕೆ ಹೋಗುತ್ತದೆ. ಅಡ್ಡರಸ್ತೆಗಳ ಮನೆ ನಂಬರು ಶುರುವಾಗುವುದೇ ಇಲ್ಲಿಂದ. ಪೂರ್ವಕ್ಕೆ ಒಂದು ಎಣಿಕೆ, ಪಶ್ಚಿಮಕ್ಕೆ ಇನ್ನೊಂದು. ಒಂದು ಕಾಲಕ್ಕೆ ಪೂರ್ವದ ಕಡೆ ಇದ್ದವರು ಹೆಚ್ಚಾಗಿ ಫ್ರೆಂಚ್ ಮಾತಾಡುವ ಕೆಥೊಲಿಕರು. ಪಶ್ಚಿಮದ ಕಡೆ ಇಂಗ್ಲಿಷ್ ಮಂದಿ, ಬಹುಪಾಲು ಪ್ರಾಟೆಸ್ಟಂಟರು, ಬ್ಯಾಂಕು ಕಾರ್ಖಾನೆಗಳು ಅವರ ಕೈಯಲ್ಲಿದ್ದವು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಅಷ್ಟಕ್ಕಷ್ಟೆ.

ರಷ್ಯಾ, ಪೋಲೆಂಡ್, ರುಮೇನಿಯಾ ಕಡೆಯಿಂದ ಬಂದ ಯಹೂದಿಗಳು ನೆಲೆ ನಿಂತದ್ದು ಸರಿಯಾಗಿ ಈ ಗಡಿಯ ಮೇಲೆ, ಈ ರಸ್ತೆಯ ಅಕ್ಕಪಕ್ಕದಲ್ಲಿ. ತಮ್ಮ ಹುಟ್ಟುನಾಡಿನ ದೊಂಬಿ, ಹಿಂಸೆ, ಬಡತನ ತಾಳಲಾರದೆ ಹಡಗು ಹತ್ತಿದವರು. 1901ರಲ್ಲಿ ಈ ಊರಿನಲ್ಲಿ ಯಹೂದಿಗಳು ಇದ್ದದ್ದು ಕೆಲವೇ ಸಾವಿರ. 1931ರ ಹೊತ್ತಿಗೆ ಸುಮಾರು 58 ಸಾವಿರ. ಅವರ ಮನೆಮಾತು ಯಿಡ್ಡಿಶ್. ಕೇಳುವುದಕ್ಕೆ ಜರ್ಮನ್ ಥರ, ಬರೆಯುವುದು ಹೀಬ್ರೂ ಲಿಪಿಯಲ್ಲಿ. ಸುಮಾರು ಅರ್ಧ ಶತಮಾನ ಮಾಂಟ್ರಿಯಲ್‌ನಲ್ಲಿ ಫ್ರೆಂಚ್, ಇಂಗ್ಲಿಷ್ ಬಿಟ್ಟರೆ ಹೆಚ್ಚು ಕೇಳುತ್ತಿದ್ದ ಭಾಷೆ ಅದೇ. 1907ರಲ್ಲಿ ‘ಕೆನೆಡರ್ ಆಡ್ಲರ್’ ಅಂತ ಅವರದೇ ಪತ್ರಿಕೆ ಹುಟ್ಟಿತು. ಕೆನಡಾದ ಹದ್ದು ಅಂತ ಅರ್ಥ.

ಆದರೆ ಇವರಿಗಿಂತ ನೂರು ವರ್ಷ ಮೊದಲೇ ಅಲ್ಲಿ ಕೆಲವು ಯಹೂದಿ ಮನೆತನಗಳು ಇದ್ದವು. ಅವರಲ್ಲಿ ಒಬ್ಬನ ಕಥೆ ಹೇಳದೆ ಮುಂದೆ ಹೋಗೋದು ಕಷ್ಟ. ಎಝೆಕಿಯಲ್ ಹಾರ್ಟ್, ಟ್ರುವಾ ರಿವಿಯೆರ್ ಊರಿನ ವ್ಯಾಪಾರಿ. 1807ರಲ್ಲಿ ಪ್ರಾಂತದ ಶಾಸನಸಭೆಗೆ ನಿಂತು ಗೆದ್ದ. ಆರಿಸಿದವರಲ್ಲಿ ಹೆಚ್ಚಿನವರು ಫ್ರೆಂಚ್ ಕೆಥೊಲಿಕರೇ. ಸಭೆ ಮಾತ್ರ, ‘ನೀನು ಯಹೂದಿ, ಕ್ರೈಸ್ತರ ಹಾಗೆ ಪ್ರಮಾಣ ಮಾಡಲಾರೆ’ ಅಂತ ಹೊರಗೆ ಹಾಕಿತು. ಊರಿನವರು ಅವನನ್ನೇ ಮತ್ತೆ ಆರಿಸಿದರು. ಸಭೆ ಮತ್ತೆ ಹೊರಗೆ ಹಾಕಿತು. ಇದರ ಹಿಂದೆ ಧರ್ಮಕ್ಕಿಂತ ರಾಜಕೀಯ ಜಾಸ್ತಿ ಇತ್ತು. ಹಾರ್ಟ್ ಇಂಗ್ಲಿಷರ ಕಡೆಗೆ ವಾಲುತ್ತಾನೆ ಅನ್ನುವ ಗುಮಾನಿ ಫ್ರೆಂಚ್ ಸದಸ್ಯರಿಗೆ. ಆಮೇಲೆ 1832ರಲ್ಲಿ ಅದೇ ಸಭೆ, ಫ್ರೆಂಚರೇ ಹೆಚ್ಚಿದ್ದ ಅದೇ ಸಭೆ, ಯಹೂದಿಗಳಿಗೂ ಎಲ್ಲ ಹಕ್ಕು ಉಂಟು ಅಂತ ಕಾನೂನು ಮಾಡಿತು. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಯಹೂದಿಯೊಬ್ಬ ಯಹೂದಿಯಾಗಿಯೇ ಕೂರಲು 1858ರ ತನಕ ಕಾಯಬೇಕಾಯಿತು.

ಹಕ್ಕೇನೋ ಸಿಕ್ಕಿತು. ಮಕ್ಕಳನ್ನು ಶಾಲೆಗೆ ಕಳಿಸಬೇಕಲ್ಲ?

ಕೆಬೆಕ್ ಪ್ರಾಂತದಲ್ಲಿ ಇದ್ದದ್ದು ಎರಡೇ ಬಗೆಯ ಶಾಲೆ. ಕೆಥೊಲಿಕ್, ಇಲ್ಲವೇ ಪ್ರಾಟೆಸ್ಟಂಟ್. ಮೂರನೆಯದು ಕಾನೂನಿನಲ್ಲೇ ಇಲ್ಲ. ಕೆಥೊಲಿಕ್ ಶಾಲೆಗಳಿಗೆ ಇವರು ಬೇಡವಾದರು. ಪ್ರಾಟೆಸ್ಟಂಟ್ ಶಾಲಾ ಮಂಡಳಿ ಸೇರಿಸಿಕೊಂಡಿತು, ಆದರೆ ಮುಖ ಗಂಟಿಕ್ಕಿಕೊಂಡು. ಒಬ್ಬ ಹುಡುಗ ಚೆನ್ನಾಗಿ ಓದಿ ಸ್ಕಾಲರ್‌ಶಿಪ್ ಗೆದ್ದ. ನಿನ್ನ ಅಪ್ಪನಿಗೆ ಸ್ವಂತ ಆಸ್ತಿ ಇಲ್ಲ, ಶಾಲೆ ತೆರಿಗೆ ಕಟ್ಟಿಲ್ಲ, ಕೊಡಲ್ಲ ಅಂದರು. ಜಗಳ ಕೋರ್ಟಿಗೆ ಹೋಯಿತು. ಯಹೂದಿ ಮಕ್ಕಳು ಇಲ್ಲಿ ಓದುತ್ತಿರುವುದು ಹಕ್ಕಿನಿಂದಲ್ಲ, ಮಂಡಳಿಯ ದಯೆಯಿಂದ ಅಂತ ತೀರ್ಪು ಬಂತು. ಗಲಾಟೆ ಆಯಿತು. 1903ರಲ್ಲಿ ಸರ್ಕಾರ ಒಂದು ವಿಚಿತ್ರ ಕಾನೂನು ತಂದಿತು. ಶಾಲೆಯ ವಿಷಯದಲ್ಲಿ ಯಹೂದಿಗಳನ್ನು ಪ್ರಾಟೆಸ್ಟಂಟರು ಎಂದೇ ಎಣಿಸತಕ್ಕದ್ದು! ನಗು ಬರುತ್ತೆ, ಅಲ್ವಾ? ಮನೆಯಲ್ಲಿ ಶುಕ್ರವಾರ ಸಂಜೆ ಸಬ್ಬತ್ತಿನ, ಅಂದರೆ ಯಹೂದಿಗಳ ವಾರದ ಪವಿತ್ರ ದಿನದ, ದೀಪ ಹಚ್ಚುವ ಮಗು, ಸೋಮವಾರ ಬೆಳಿಗ್ಗೆ ಸರ್ಕಾರದ ಲೆಕ್ಕದಲ್ಲಿ ಪ್ರಾಟೆಸ್ಟಂಟ್.

ಪ್ರಾಟೆಸ್ಟಂಟ್ ಶಾಲೆ ಅಂದರೆ ಇಂಗ್ಲಿಷ್ ಶಾಲೆ. ಹೀಗಾಗಿ ಒಂದು ಇಡೀ ತಲೆಮಾರು ಇಂಗ್ಲಿಷ್ ಕಲಿತು ಇಂಗ್ಲಿಷರ ಕಡೆ ಸೇರಿಹೋಯಿತು. ಮುಂದೆ ಫ್ರೆಂಚರು, ‘ನೋಡಿ, ಇವರು ನಮ್ಮ ಭಾಷೆ ಕಲಿಯಲೇ ಇಲ್ಲ’ ಅಂತ ದೂರಿದರು. ಕಲಿಸುವ ಬಾಗಿಲು ಮುಚ್ಚಿದ್ದು ಯಾರು ಅಂತ ಆಗ ಯಾರಿಗೂ ನೆನಪಿರಲಿಲ್ಲ.

1913ರ ಫೆಬ್ರವರಿಯ ಕೊನೆ. ಹೊರಗೆ ಹಿಮ. ಅಬರ್ಡೀನ್ ಶಾಲೆಯ ಆರನೇ ತರಗತಿಯಲ್ಲಿ ಟೀಚರಮ್ಮ ಒಂದು ಮಾತು ಅಂದುಬಿಟ್ಟರು. ನಾನು ಬಂದಾಗ ಈ ಶಾಲೆ ಚೊಕ್ಕಟವಾಗಿತ್ತು, ಯಹೂದಿ ಮಕ್ಕಳು ಬಂದ ಮೇಲೆ ಕೊಳಕಾಯಿತು ಅನ್ನುವ ಅರ್ಥದ ಮಾತು. ಆ ತರಗತಿಯ ಹುಡುಗರ ಅಪ್ಪ ಅಮ್ಮಂದಿರು ಹೆಚ್ಚಿನವರು ಹೊಲಿಗೆ ಕಾರ್ಖಾನೆಯ ಆಳುಗಳು. ಹಿಂದಿನ ವರ್ಷವಷ್ಟೇ ಅಲ್ಲಿ ದೊಡ್ಡ ಮುಷ್ಕರ ಆಗಿತ್ತು. ಮಕ್ಕಳು ಅದನ್ನು ಕಣ್ಣಾರೆ ಕಂಡವರು. ತಾವೂ ಹಾಗೇ ಮಾಡಿದರು. ನೂರಾರು ಮಕ್ಕಳು ಪುಸ್ತಕ ಮಡಚಿ ಹೊರಗೆ ಬಂದರು. ಎದುರಿನ ಸೇಂಟ್ ಲೂಯಿ ಚೌಕದಲ್ಲಿ ಸೇರಿದರು, ಬಾಗಿಲಿಗೆ ಕಾವಲು ನಿಂತರು. ಕೆಲವರು ನೇರವಾಗಿ ಯಿಡ್ಡಿಶ್ ಪತ್ರಿಕೆಯ ಕಚೇರಿಗೆ ನಡೆದರು. ವಯಸ್ಸು ಹನ್ನೊಂದು, ಹನ್ನೆರಡು! ಕೊನೆಗೆ ಹಿರಿಯರು ನಡುವೆ ಬಂದರು, ಟೀಚರಮ್ಮ ವಿಷಾದ ಹೇಳಿದರು, ಮಕ್ಕಳು ಒಳಗೆ ಹೋದರು. ಮುಂದೆ ಮಂಡಳಿ ಯಹೂದಿ ಟೀಚರುಗಳನ್ನೂ ಕೆಲಸಕ್ಕೆ ತೆಗೆದುಕೊಳ್ಳತೊಡಗಿತು.

ಶಾಲೆ ಇವರನ್ನು ಇಂಗ್ಲಿಷರ ಕಡೆ ಎಳೆದರೆ, ಹೊಲಿಗೆ ಮೆಷಿನ್ನು ಫ್ರೆಂಚರ ಪಕ್ಕ ಕೂರಿಸಿತು. ಬಟ್ಟೆ ಕಾರ್ಖಾನೆಗಳಲ್ಲಿ ಯಹೂದಿ ಹೆಂಗಸರೂ ಫ್ರೆಂಚ್ ಹುಡುಗಿಯರೂ ಒಂದೇ ಸಾಲಿನಲ್ಲಿ ಕೂತು ಹೊಲಿಯುತ್ತಿದ್ದರು. ಧಣಿಗಳಲ್ಲೂ ಬಹಳ ಜನ ಯಹೂದಿಗಳೇ. ಅದನ್ನು ಮುಚ್ಚಿಡೋದು ಬೇಡ. 1937ರ ಏಪ್ರಿಲ್‌ನಲ್ಲಿ ಸುಮಾರು 5 ಸಾವಿರ ಜನ, ಹೆಚ್ಚಿನವರು ಹೆಂಗಸರು, ಕೆಲಸ ನಿಲ್ಲಿಸಿದರು. ಅವರನ್ನು ಸಂಘಟಿಸಿದವರಲ್ಲಿ ಒಬ್ಬಾಕೆ ಲಿಯಾ ರೋಬ್ಯಾಕ್. ಯಹೂದಿ ಮನೆಯ ಮಗಳು, ಬೆಳೆದದ್ದು ಕೆಬೆಕ್ ಊರಿನ ಹತ್ತಿರ ಫ್ರೆಂಚರ ನಡುವೆ. ಮನೆಯಲ್ಲಿ ಯಿಡ್ಡಿಶ್, ಬೀದಿಯಲ್ಲಿ ಫ್ರೆಂಚ್, ಶಾಲೆಯಲ್ಲಿ ಇಂಗ್ಲಿಷ್. ಆ ಮುಷ್ಕರಕ್ಕೆ ಬೇಕಾಗಿದ್ದದ್ದು ಇಂಥ ನಾಲಿಗೆಯೇ. ಕೆಥೊಲಿಕ್ ಪಾದ್ರಿಗಳು ಈ ಕಾರ್ಮಿಕ ಸಂಘ ಬೇಡ ಅಂದರು. ಹುಡುಗಿಯರು ಕೇಳಲಿಲ್ಲ. ಮೂರು ವಾರಕ್ಕೆ ಧಣಿಗಳು ಸಂಘವನ್ನು ಒಪ್ಪಿಕೊಂಡರು.

ಎಲ್ಲ ಕಡೆಯೂ ಹೀಗೇ ಇತ್ತು ಅಂತಲ್ಲ. 1934ರಲ್ಲಿ ನೋತ್ರ್ ದಾಮ್ ಆಸ್ಪತ್ರೆಯಲ್ಲಿ ಸ್ಯಾಮ್ಯುಯಲ್ ರಾಬಿನೋವಿಚ್ ಅನ್ನುವ ಯಹೂದಿ ಡಾಕ್ಟರನ್ನು ಇಂಟರ್ನ್ ಆಗಿ ತೆಗೆದುಕೊಂಡದ್ದಕ್ಕೆ ಜೊತೆಯ ಫ್ರೆಂಚ್ ಡಾಕ್ಟರುಗಳು ಕೆಲಸ ಬಿಟ್ಟು ಹೊರಗೆ ನಡೆದರು. ರೋಗಿಗಳಿಗೆ ತೊಂದರೆ ಆಗಬಾರದು ಅಂತ ರಾಬಿನೋವಿಚ್ ಅವರೇ ರಾಜೀನಾಮೆ ಕೊಟ್ಟರು. ಇಂಗ್ಲಿಷರೇನು ಕಮ್ಮಿ? ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಬೇಕಾದರೆ ಯಹೂದಿ ಹುಡುಗರು ಬೇರೆಯವರಿಗಿಂತ ಜಾಸ್ತಿ ಮಾರ್ಕ್ಸ್ ತರಬೇಕಿತ್ತು. ಒಬ್ಬರು ಕೂಗಾಡಿ ತಳ್ಳಿದರು, ಇನ್ನೊಬ್ಬರು ಸದ್ದಿಲ್ಲದೆ ಬಾಗಿಲು ಹಾಕಿಕೊಂಡರು. ಅದೇ ವರ್ಷ ಯಹೂದಿಗಳು ತಮ್ಮದೇ ಆಸ್ಪತ್ರೆ ತೆರೆದರು. ಅಲ್ಲಿ ಯಾರು ಬೇಕಾದರೂ ಹೋಗಬಹುದಿತ್ತು. ಇವತ್ತಿಗೂ ಹೋಗಬಹುದು.

ಇಷ್ಟು ಹೊತ್ತು ಜಗಳದ ಮಾತೇ ಆಯಿತು. ಸ್ವಲ್ಪ ತಿಂಡಿಯ ಮಾತಾಡೋಣ. ಒಂದು ಚಳಿಗಾಲದ ರಾತ್ರಿ ನಾನು ಅಲ್ಲಿನ ಬೇಗಲ್ ಅಂಗಡಿಯ ಮುಂದೆ ನಿಂತಿದ್ದೆ. ಬೇಗಲ್ ಅಂದರೆ ನಮ್ಮ ಕೋಡುಬಳೆಯ ಹಾಗೆ ದುಂಡಗೆ, ಆದರೆ ಮೆತ್ತಗಿನ ರೊಟ್ಟಿ. ಒಳಗಿದ್ದಾತ ಹಿಟ್ಟನ್ನು ಹೊಸೆದು, ಅಂಗೈಗೆ ಸುತ್ತಿ, ಕೊಯ್ದು, ಬಿಸಾಕುತ್ತಿದ್ದ. ಜೇನು ಹಾಕಿದ ನೀರಿನಲ್ಲಿ ಕುದಿಸಿ, ಎಳ್ಳಿನಲ್ಲಿ ಹೊರಳಿಸಿ, ಉದ್ದನೆಯ ಹಲಗೆಯ ಮೇಲಿಟ್ಟು ಸೌದೆ ಒಲೆಯೊಳಗೆ ತಳ್ಳುವುದು. ಸಾಲಿನಲ್ಲಿ ನನ್ನ ಮುಂದೆ ನಿಂತವರು ಫ್ರೆಂಚ್, ಹಿಂದೆ ನಿಂತವರು ಇಂಗ್ಲಿಷ್ ಮಾತಾಡುತ್ತಿದ್ದರು. ಬಿಸಿ ಬೇಗಲ್ ಕೈಗೆ ಬಂದ ಮೇಲೆ ಯಾರೂ ಮಾತಾಡಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನೊಂದು ಅಲೆ ಬಂತು, ಮೊರಾಕ್ಕೊ ದೇಶದ ಯಹೂದಿಗಳದು. ಇವರ ಮಾತು ಫ್ರೆಂಚ್. ಇನ್ನೇನು, ಎಲ್ಲ ಸರಿಹೋಯಿತು ಅಂದುಕೊಳ್ಳಬೇಕು. ಆದರೆ ಫ್ರೆಂಚ್ ಶಾಲೆ ಅಂದರೆ ಆಗಲೂ ಕೆಥೊಲಿಕ್ ಶಾಲೆ. ಯಹೂದಿ ಅಂದರೆ ಕಾಗದದಲ್ಲಿ ಪ್ರಾಟೆಸ್ಟಂಟ್. ಫ್ರೆಂಚ್ ಬಲ್ಲ ಮಕ್ಕಳು ಇಂಗ್ಲಿಷ್ ಶಾಲೆಯ ಬೆಂಚಿನಲ್ಲಿ ಕೂರಬೇಕಾಯಿತು! ಕೊನೆಗೆ 1969ರಲ್ಲಿ ಅವರು ಮೈಮೊನೀಡ್ ಅನ್ನುವ ತಮ್ಮದೇ ಫ್ರೆಂಚ್ ಶಾಲೆ ಕಟ್ಟಿಕೊಂಡರು. ಧರ್ಮದ ಲೆಕ್ಕದ ಶಾಲಾ ಮಂಡಳಿಗಳು ಪೂರ್ತಿ ಹೋಗಿ ಭಾಷೆಯ ಲೆಕ್ಕದ ಮಂಡಳಿಗಳು ಬಂದದ್ದು 1998ರಲ್ಲಿ.

ಮೇನ್ ರಸ್ತೆಯ ಹಳೆಯ ಯಹೂದಿ ಮನೆಗಳವರು ಅಷ್ಟರಲ್ಲಿ ಪಶ್ಚಿಮದ ಬಡಾವಣೆಗಳಿಗೆ ಹೋಗಿದ್ದರು. ಅವರ ಪ್ರಾರ್ಥನಾ ಮಂದಿರಗಳು ಒಂದೊಂದಾಗಿ ಕೈ ಬದಲಾದವು. ಫೇರ್‌ಮೌಂಟ್ ರಸ್ತೆಯಲ್ಲಿ ಬ್ನಾಯ್ ಜೇಕಬ್ ಅಂತ ಒಂದು ದೊಡ್ಡ ಮಂದಿರ ಇತ್ತು. ಈಗ ಅದರ ಮುಂದೆ ಹೊಸ ಗೋಡೆ ಎದ್ದಿದೆ. ನಾನು ಹೋದಾಗ ಮಧ್ಯಾಹ್ನದ ಗಂಟೆ ಹೊಡೆದಿತ್ತು. ಬ್ಯಾಗು ಹೊತ್ತ ಮಕ್ಕಳು ಫ್ರೆಂಚ್‌ನಲ್ಲಿ ಕೂಗಾಡುತ್ತಾ ಹೊರಗೆ ಓಡಿಬಂದರು. ಆ ಕಟ್ಟಡ ಈಗ ಒಂದು ಫ್ರೆಂಚ್ ಶಾಲೆ. ರಸ್ತೆ ದಾಟಿ ಎದುರಿಗೆ ನಿಂತು ತಲೆ ಎತ್ತಿ ನೋಡಿದರೆ, ಹೊಸ ಗೋಡೆಯ ಹಿಂದೆ ಹಳೆಯ ಕಮಾನು, ಅದರಲ್ಲಿ ಹೀಬ್ರೂ ಅಕ್ಷರಗಳು ಹಾಗೇ ಇವೆ.

ನಮಸ್ಕಾರ.