ಬಿಸಿ ಟಿಲ್ಲರನ್ನು ಹಳ್ಳಕ್ಕಿಳಿಸಬೇಡಿ

ರೈತ ಬಾಂಧವರೇ, ನಮಸ್ಕಾರ.

ನಮ್ಮ ಮನೆಯ ಪವರ್ ಟಿಲ್ಲರು ನನ್ನ ದೊಡ್ಡ ಮಗನಿಗಿಂತ ಎರಡು ವರ್ಷಕ್ಕೆ ಹಿರಿಯ. ಅಪ್ಪ ಒಂದು ಜೊತೆ ಎತ್ತು ಮಾರಿ, ಮೇಲಿಷ್ಟು ಸಾಲ ಮಾಡಿ ತಂದದ್ದು. ಬಣ್ಣ ಹೋಗಿದೆ, ಹ್ಯಾಂಡಲಿಗೆ ಎರಡು ಕಡೆ ವೆಲ್ಡಿಂಗ್ ಬಿದ್ದಿದೆ. ಇಂಜಿನ್ ಮಾತ್ರ ಇವತ್ತಿಗೂ ನಾಲ್ಕು ಸುತ್ತು ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ, ನಾಟಿ ಅರ್ಧ ಆಗಿರುವಾಗ, ಗೇರ್‌ಬಾಕ್ಸಿನಿಂದ ಕಲ್ಲು ಅರೆದಂಥ ಸದ್ದು ಬರತೊಡಗಿತು. ತಳದ ಬೋಲ್ಟ್ ಬಿಚ್ಚಿದೆ. ಬಟ್ಟಲಿಗೆ ಇಳಿದದ್ದನ್ನು ಎಣ್ಣೆ ಅನ್ನಲಾಗದು. ಕಾಫಿ ಬೆರೆಸಿದ ಮಜ್ಜಿಗೆಯ ಹಾಗಿತ್ತು.

ಗೇರ್ ಎಣ್ಣೆಗೆ ನೀರು ಸೇರಿ, ಹಲ್ಲುಗಳ ನಡುವೆ ಕಡೆದರೆ ಹಾಗಾಗುತ್ತದೆ. ಮಳೆಗಾಲದಲ್ಲಿ ನೀರು ಹೊಕ್ಕಿರಬೇಕು ಅಂದುಕೊಂಡೆ. ಆದರೆ ಮುಚ್ಚಳ ಬಿಗಿಯಾಗಿಯೇ ಇತ್ತು. ಪೇಟೆಯ ಮೇಸ್ತ್ರಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಗದ್ದೆಯಿಂದ ಬಂದವರು ಟಿಲ್ಲರ್ ಎಲ್ಲಿ ತೊಳೀತೀರಿ?"

ಎಲ್ಲಿ ಅಂದರೆ, ಹಳ್ಳದಲ್ಲಿ. ಸಂಜೆ ಕೆಲಸ ಮುಗಿದದ್ದೇ ನೇರ ನೀರಿಗೆ. ನಮ್ಮೂರಲ್ಲಿ ಎಲ್ಲರದ್ದೂ ಹಾಗೆಯೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ದಿನವಿಡೀ ಉಳುವಾಗ ಗೇರ್‌ಬಾಕ್ಸು ಕೈ ಇಡಲಾಗದಷ್ಟು ಕಾಯುತ್ತದೆ. ಒಳಗಿನ ಗಾಳಿ ಹಿಗ್ಗಿ, ಉಸಿರುಗಂಡಿಯಿಂದ, ಅಂದರೆ ಪೆಟ್ಟಿಗೆಯ ಗಾಳಿಯಾಡುವ ಸಣ್ಣ ತೂತಿನಿಂದ, ಒಂದಿಷ್ಟು ಹೊರಗೆ ಹೋಗಿರುತ್ತದೆ. ಆ ಬಿಸಿ ಪೆಟ್ಟಿಗೆಯನ್ನು ತಣ್ಣೀರಿಗಿಳಿಸಿದರೆ ಉಳಿದ ಗಾಳಿ ಥಟ್ಟನೆ ಕುಗ್ಗಿ, ಹೊರಗಿನದನ್ನು ಒಳಕ್ಕೆಳೆಯುತ್ತದೆ. ಹೊರಗಿರುವುದು ನೀರು. ಉಸಿರುಗಂಡಿ ಕೆಸರಿನಿಂದ ಕಟ್ಟಿಕೊಂಡಿದ್ದರಂತೂ ಆ ಎಳೆತ ಪೂರ್ತಿ ಬೀಳುವುದು ಚಕ್ರದ ಅಚ್ಚಿನ ಆಯಿಲ್ ಸೀಲಿನ ಮೇಲೆ. ಸೀಲಿನ ರಬ್ಬರ್ ತುಟಿ ಒಳಗಿನ ಎಣ್ಣೆಯನ್ನು ತಡೆಯುವುದಕ್ಕೆಂದು ಮಾಡಿದ್ದು. ಒಳಗಿನಿಂದ ಎಳೆತ ಬಿದ್ದರೆ ತುಟಿ ಬಿಡುತ್ತದೆ, ನೀರಿನ ಜೊತೆ ನುಣ್ಣನೆಯ ಕೆಸರೂ ಹೋಗುತ್ತದೆ. ಸಂಜೆ ತೊಳೆದು ಚಂದ ಮಾಡಿದ್ದೇವೆ ಅಂದುಕೊಂಡು ನಾವು ಮನೆಗೆ ಬರುತ್ತೇವೆ.

ಟಿಲ್ಲರ್ ಮಾಡುವ ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು, ಕೇರಳದ ಅತ್ತಾಣಿಯ ಕಾಮ್ಕೊ ಕಂಪನಿ ಬಂದದ್ದು 1973ರಲ್ಲಿ. ಅಂಥ ಹಳೇ ಕಾಲದ ಟಿಲ್ಲರುಗಳು ಇನ್ನೂ ಎಷ್ಟೋ ಕೊಟ್ಟಿಗೆಗಳಲ್ಲಿವೆ. ಅವುಗಳನ್ನು ಉಳಿಸಿಕೊಳ್ಳುವವರು ಎಣ್ಣೆ ಬದಲಿಸುವ ಕೆಲಸವನ್ನಾದರೂ ತಾವೇ ಮಾಡಬೇಕು. ಅಷ್ಟೇನೂ ಕಷ್ಟವಿಲ್ಲ.

ರಾತ್ರಿಯಿಡೀ ಅಲುಗಾಡಿಸದೆ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ತಳದ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ. ಬೆರೆಯದ ನೀರು ತಳಕ್ಕಿಳಿದಿರುವುದರಿಂದ ಅದೇ ಮೊದಲು ತೊಟ್ಟಿಕ್ಕುತ್ತದೆ. ಆಮೇಲೆ ಬೋಲ್ಟ್ ಬಿಗಿದು ಹತ್ತು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಪೂರ್ತಿ ಬಸಿಯಿರಿ. ತಣ್ಣಗಿರುವಾಗ ಬಸಿದರೆ ಅರ್ಧ ಕೊಳೆ ಒಳಗೇ ಅಂಟಿಕೊಂಡಿರುತ್ತದೆ.

ಬಸಿದದ್ದನ್ನು ಚೆಲ್ಲಬೇಡಿ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿಯಿರಿ. ಬೂದಿಯಂಥ ನುಣುಪು ಪುಡಿ ಇದ್ದರೆ ಅದು ಸಹಜ ಸವೆತ. ಉಗುರಿಗೆ ತಾಗುವ ಚೂರು ಸಿಕ್ಕಿದರೆ ಹಲ್ಲೋ ಬೇರಿಂಗೋ ಮುರಿದಿದೆ, ಬಿಚ್ಚಲೇಬೇಕು. ಹಿತ್ತಾಳೆ ಬಣ್ಣದ ಹೊಳಪು ಕಂಡರೆ ಬುಷ್, ಅಂದರೆ ಶಾಫ್ಟ್ ತಿರುಗುವ ಲೋಹದ ಬಳೆ, ಸವೆಯುತ್ತಿದೆ. ನನ್ನದರಲ್ಲಿ ಚೂರುಗಳು ಸಿಕ್ಕಿದವು.

ಬಿಚ್ಚಿದಾಗ ಎರಡು ಬೇರಿಂಗ್ ತುಕ್ಕು ಹಿಡಿದಿದ್ದವು, ಸ್ಟೇರಿಂಗ್ ಕ್ಲಚ್ಚಿನ ಹಲ್ಲುಗಳ ಅಂಚು ಮೊಂಡಾಗಿತ್ತು. ಈ ಕ್ಲಚ್ಚಿನದೊಂದು ವಿಚಾರ, ಹೊಸಬರಿಗೆ ಗೊತ್ತಿರಲಿ. ಸಮತಟ್ಟಿನಲ್ಲಿ ಎಡಗೈ ಹಿಡಿ ಒತ್ತಿದರೆ ಎಡ ಚಕ್ರಕ್ಕೆ ಶಕ್ತಿ ತಪ್ಪಿ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಅದೇ ಹಿಡಿ ಒತ್ತಿದರೆ ಬಲಕ್ಕೆ ಹೋಗುತ್ತದೆ! ಬಲ ಚಕ್ರವನ್ನು ಇಂಜಿನ್ ತಡೆಹಿಡಿದಿರುತ್ತದೆ, ಬಿಡುಗಡೆಯಾದ ಎಡ ಚಕ್ರ ತೂಕಕ್ಕೆ ಉರುಳಿಬಿಡುತ್ತದೆ. ಟ್ರೇಲರ್ ಕಟ್ಟಿಕೊಂಡು ಘಾಟಿ ಇಳಿಯುವವರು ಇದನ್ನು ಮರೆಯಬಾರದು.

ಹಳೇ ಗಾಡಿಗೆ ಸಾಮಾನು ಸಿಗುವುದಿಲ್ಲ ಅನ್ನುತ್ತಾರೆ. ಗೇರಿನ ಮಟ್ಟಿಗೆ ಅದು ನಿಜ ಇರಬಹುದು, ಬೇರಿಂಗಿನ ಮಟ್ಟಿಗೆ ಹೆಚ್ಚಾಗಿ ಅಲ್ಲ. ಅದರ ಅಂಚಿನ ಕೆಸರು ಒರೆಸಿ ನೋಡಿ. 6205 ಅಂತ ಇದೆ ಅಂದುಕೊಳ್ಳಿ. ಕೊನೆಯ 05ನ್ನು ಐದರಿಂದ ಗುಣಿಸಿದರೆ 25, ಅದು ಒಳವ್ಯಾಸದ ಮಿಲಿಮೀಟರು. ಹೊರವ್ಯಾಸ 52, ದಪ್ಪ 15. ಯಾವ ಕಂಪನಿಯದಾದರೂ ಇದೇ ಅಳತೆ, ಯಾವ ಬೇರಿಂಗ್ ಅಂಗಡಿಯಲ್ಲೂ ಕೇಳಬಹುದು. ಆಯಿಲ್ ಸೀಲಿನ ಮೇಲೂ ಒಳವ್ಯಾಸ, ಹೊರವ್ಯಾಸ, ದಪ್ಪ, ಹೀಗೆ ಮೂರು ಅಂಕಿ ಇರುತ್ತವೆ.

ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಲಿ, ತುಟಿಗೆ ಮೊದಲೇ ಎಣ್ಣೆ ಸವರಿ. ಅಚ್ಚಿನ ಮೇಲೆ ಹಳೇ ಸೀಲ್ ಗೀರು ಮಾಡಿರುತ್ತದೆ, ಹೊಸದನ್ನು ಅದೇ ಗೀರಿನ ಮೇಲೆ ಕೂರಿಸಿದರೆ ವಾರದಲ್ಲಿ ಮತ್ತೆ ಸೋರುತ್ತದೆ. ಜಾಗವಿದ್ದರೆ ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ. ಮುಚ್ಚಳದ ಸಂದಿಗೆ ಇಡುವ ಪ್ಯಾಕಿಂಗ್ ಹಾಳೆಯನ್ನು ಮನೆಯಲ್ಲೇ ಕತ್ತರಿಸಬಹುದು, ಆದರೆ ಹಳೆಯದು ಎಷ್ಟು ದಪ್ಪವಿತ್ತೋ ಅಷ್ಟೇ ಇರಲಿ. ದಪ್ಪ ವ್ಯತ್ಯಾಸವಾದರೆ ಶಾಫ್ಟಿನ ಅಲುಗಾಟವೂ ಬದಲಾಗುತ್ತದೆ. ಎಣ್ಣೆಯ ನಂಬರು ನಿಮ್ಮ ಟಿಲ್ಲರಿನ ಪುಸ್ತಕದಲ್ಲಿದ್ದದ್ದೇ ಆಗಲಿ, ಅಂಗಡಿಯವರು ಹೇಳಿದ್ದಲ್ಲ. ಸಮತಟ್ಟಿನಲ್ಲಿ ನಿಲ್ಲಿಸಿ, ಅಳತೆಯ ಗುರುತಿನವರೆಗೆ ಮಾತ್ರ ತುಂಬಿಸಿ. ಹೆಚ್ಚಾದರೆ ನೊರೆ ಕಟ್ಟಿ ಸೀಲನ್ನೇ ದೂಡುತ್ತದೆ.

ಉಸಿರುಗಂಡಿಯನ್ನು ಸಣ್ಣ ತಂತಿಯಿಂದ ಬಿಡಿಸುವುದಕ್ಕೆ ನನಗೆ ಎರಡು ನಿಮಿಷ ಹಿಡಿಯಿತು. ಬೇರಿಂಗ್ ಬದಲಿಸುವುದಕ್ಕೆ ನಾಟಿಯ ನಡುವಿನ ನಾಲ್ಕು ದಿನ.

ಈಗ ಸಂಜೆ ಟಿಲ್ಲರನ್ನು ಕೆಸರಿನ ಸಮೇತ ಕೊಟ್ಟಿಗೆಯ ಹೊರಗೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಕಾಫಿ ಕುಡಿದು, ತಣ್ಣಗಾಗಿದೆಯಾ ಅಂತ ಕೈಯಿಟ್ಟು ನೋಡಿ, ಬಕೆಟ್ಟಿನಲ್ಲಿ ನೀರು ತಂದು ತೊಳೆಯುತ್ತೇನೆ. ಒಣಗಿದ ಕೆಸರು ಬೇಗ ಬಿಡುವುದಿಲ್ಲ. ಮಗ ಗೊಣಗುತ್ತಾನೆ, ಉಜ್ಜುವವನು ಅವನೇ.

ನಮಸ್ಕಾರ.