ಮರದಲ್ಲಿ ಕೆತ್ತಿದ ಮಳೆ

ಕೇಳುಗರಿಗೆ ನಮಸ್ಕಾರ.

ಇಂದು ಟೋಕಿಯೊ ಎನಿಸಿಕೊಂಡಿರುವ ಎದೊ ನಗರದಲ್ಲಿ 1857ರಲ್ಲಿ ಕೆತ್ತಿದ ಮರದ ಹಲಗೆಗಳಿಂದ ಅಚ್ಚಾದ ಒಂದು ಚಿತ್ರವಿದೆ. ಸುಮಿದಾ ನದಿಯ ಮೇಲಿನ ಮರದ ಸೇತುವೆಯಲ್ಲಿ ಹಠಾತ್ತನೆ ಮಳೆಗೆ ಸಿಕ್ಕಿದ ಕೆಲವರು ಮೈ ಬಾಗಿಸಿ ಸರಸರನೆ ನಡೆಯುತ್ತಿದ್ದಾರೆ. ಕೆಳಗೆ ನೀರಿನಲ್ಲಿ ಒಬ್ಬನೇ ಒಬ್ಬ ತನ್ನ ತೆಪ್ಪವನ್ನು ನಡೆಸುತ್ತಿದ್ದಾನೆ. ಇದನ್ನು ರಚಿಸಿದವನು ಹಿರೊಶಿಗೆ. ಮೂವತ್ತು ವರ್ಷಗಳ ಬಳಿಕ ಪ್ಯಾರಿಸ್ಸಿನಲ್ಲಿದ್ದ ವ್ಯಾನ್ ಗೋ ಇದೇ ಚಿತ್ರವನ್ನು ಎಣ್ಣೆಬಣ್ಣದಲ್ಲಿ ಪ್ರತಿ ಮಾಡಿದನು. ಈ ಮಳೆಯನ್ನು ನೋಡಿದಾಗಲೆಲ್ಲ ನನಗೆ ಹಿರೊಶಿಗೆಯಷ್ಟೇ ನೆನಪಾಗುವವನು ಅದನ್ನು ಮರದಲ್ಲಿ ಕೆತ್ತಿದ ಕುಶಲಕರ್ಮಿ.

ಜಪಾನೀಯರು ಉಕಿಯೊ-ಎ, ಎಂದರೆ ತೇಲುವ ಲೋಕದ ಚಿತ್ರ ಎಂದು ಕರೆದ ಈ ಕಲೆಯಲ್ಲಿ ನಾಲ್ವರ ಪಾಲಿತ್ತು. ಹಣ ಹೂಡಿ, ವಿಷಯವನ್ನು ನಿಶ್ಚಯಿಸಿ, ಮಾರಾಟದ ಹೊಣೆ ಹೊರುತ್ತಿದ್ದವನು ಪ್ರಕಾಶಕ; ಕಲಾವಿದನು ತೆಳುವಾದ ಕಾಗದದ ಮೇಲೆ ಮಸಿಯಿಂದ ಗೆರೆಗಳನ್ನು ಬರೆದು ಕೊಡುತ್ತಿದ್ದನು. ಕೆತ್ತನೆಗಾರನು ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಗಳನ್ನು ಉಳಿಸಿ ಸುತ್ತಲಿನ ಮರವನ್ನೆಲ್ಲ ಕೊರೆದು ತೆಗೆಯುತ್ತಿದ್ದನು. ಹೀಗೆ ಕೆತ್ತುವಾಗ ಕಲಾವಿದನ ಮೂಲ ಚಿತ್ರವೇ ನಾಶವಾಗುತ್ತಿತ್ತು. ಕೂದಲೆಳೆಯಂತಹ ಮಳೆಯ ಗೆರೆಗಳು ಉಬ್ಬಾಗಿ ನಿಲ್ಲಬೇಕಾದರೆ ಪ್ರತಿ ಗೆರೆಯ ಎರಡೂ ಮಗ್ಗುಲಿನ ಮರ ಹೋಗಬೇಕು, ಗೆರೆ ಮಾತ್ರ ಮುರಿಯಬಾರದು. ಹೀಗಿದ್ದೂ ಚಿತ್ರದ ಮೇಲೆ ಸಾಮಾನ್ಯವಾಗಿ ಕಾಣುವುದು ಕಲಾವಿದನ ಹೆಸರು ಮತ್ತು ಪ್ರಕಾಶಕನ ಮುದ್ರೆ. ಕೆತ್ತಿದವನ ಹೆಸರು ಅಪರೂಪ.

1765ರ ಸುಮಾರಿಗೆ ಹರುನೊಬು ಎಂಬ ಕಲಾವಿದನ ಕಾಲದಲ್ಲಿ ಬಹುವರ್ಣದ ಅಚ್ಚು ರೂಢಿಗೆ ಬಂದ ಮೇಲೆ ಬಣ್ಣಬಣ್ಣಕ್ಕೂ ಬೇರೆ ಹಲಗೆ ಬೇಕಾಯಿತು. ಒಂದು ಬಣ್ಣವು ಇನ್ನೊಂದರ ಎಲ್ಲೆಯನ್ನು ದಾಟದಿರಲು ಪ್ರತಿ ಹಲಗೆಯ ಮೂಲೆಯಲ್ಲಿಯೂ ಅಂಚಿನಲ್ಲಿಯೂ ಕೆಂತೊ ಎಂಬ ಗುರುತಿನ ಕಚ್ಚುಗಳನ್ನು ಕೊರೆದು, ಕಾಗದವನ್ನು ಅವುಗಳಿಗೆ ತಾಗಿಸಿ ಇಡುತ್ತಿದ್ದರು. ಆ ಕಾಗದವನ್ನು ತಯಾರಿಸುತ್ತಿದ್ದುದು ಕೋಝೊ ಎಂಬ ಗಿಡದ ತೊಗಟೆಯ ನಾರಿನಿಂದ. ನಮ್ಮ ರೇಷ್ಮೆ ಬೆಳೆಗಾರರು ಬೆಳೆಯುವ ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಗಿಡವದು. ನಾರು ಉದ್ದವಾಗಿದ್ದುದರಿಂದಲೇ ಕಾಗದವು ಹತ್ತಾರು ಸಲ ಒತ್ತಿದರೂ ಹರಿಯದೆ ತಾಳುತ್ತಿತ್ತು.

ಕೊನೆಯ ಕೆಲಸ ಅಚ್ಚುಗಾರನದು. ಯಂತ್ರದ ಹಂಗಿರಲಿಲ್ಲ, ಬಿದಿರಿನ ಪೊರೆ ಸುತ್ತಿದ ಬಾರೆನ್ ಎಂಬ ದುಂಡು ಬಿಲ್ಲೆಯಿಂದ ಕಾಗದದ ಬೆನ್ನನ್ನು ಕೈಯಾರೆ ಉಜ್ಜಬೇಕಾಗಿತ್ತು. ಮಳೆಯ ಚಿತ್ರದ ನೆತ್ತಿಯಲ್ಲಿ ಕವಿದಿರುವ ಕಪ್ಪು ಮೋಡವನ್ನು ಯಾರೂ ಕೆತ್ತಿದ್ದಲ್ಲ. ಒದ್ದೆ ಮಾಡಿದ ಹಲಗೆಯ ಮೇಲೆ ಬಣ್ಣವನ್ನು ಕುಂಚದಿಂದ ಸವರಿ, ಕೆಳಗಿಳಿದಂತೆ ಕರಗಿಸುವ ಬೊಕಾಶಿ ಎಂಬ ವಿಧಾನದಿಂದ ಅಚ್ಚುಗಾರನು ಪ್ರತಿ ಪ್ರತಿಗೂ ಹೊಸದಾಗಿ ಆ ಮೋಡವನ್ನು ಮೂಡಿಸುತ್ತಿದ್ದನು. ಆದುದರಿಂದ ಬೇರೆ ಬೇರೆ ಸಂಗ್ರಹಾಲಯಗಳಲ್ಲಿ ಇಂದು ಉಳಿದಿರುವ ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಸೇತುವೆಯೂ ಜನರೂ ಅವರೇ ಆಗಿದ್ದರೂ ಒಂದರಲ್ಲಿ ಮೋಡ ದಟ್ಟವಾಗಿ ಇಳಿದಿರುತ್ತದೆ, ಇನ್ನೊಂದರಲ್ಲಿ ತುಸು ತೆಳುವಾಗಿರುತ್ತದೆ.